ಎರಡು ಡೊಳ್ಳಿನ ರೇವಮ್ಮ

ಜೇವರ್ಗಿಯ ರೇವಮ್ಮ ಶುಕ್ರವಾರ ಒಂದು ಮಾತು ಹೇಳುವಳು, ಆಯಿತವಾರ ಇನ್ನೊಂದು. ಎರಡನ್ನೂ ಹಾಡಿಯೇ ಹೇಳುವಳು. ಶುಕ್ರವಾರ ತನ್ನ ಓಣಿಯ ಡೊಳ್ಳಿನ ಮಗ್ಗುಲಿಗೆ ಕುಳಿತು, ಈ ಲೋಕದಲ್ಲಿ ಹೆಣ್ಣೇ ಹೆಚ್ಚು, ಶಕ್ತಿಯಿಲ್ಲದೆ ಶಿವ ಮಿಸುಕಲಾರ ಎಂದು ಸಾಧಿಸಿ ತೋರಿಸುವಳು. ಆಯಿತವಾರ ಭೀಮಾ ನದಿ ದಾಟಿ ತವರೂರಾದ ಹವಳಗಾಕ್ಕೆ ಹೋಗಿ, ಗಂಡೇ ಹೆಚ್ಚು, ಶಿವನಿಲ್ಲದೆ ಶಕ್ತಿಗೆ ನೆಲೆಯಿಲ್ಲ ಎಂದು ಅಷ್ಟೇ ನಿಷ್ಠೆಯಿಂದ ಸಾಧಿಸುವಳು. ಎರಡೂ ಕಡೆ ಕೇಳಿದವರು ತಲೆದೂಗಿ ಮನೆಗೆ ಹೋಗುತ್ತಿದ್ದರು. ತಲೆ ತಿರುಗುತ್ತಿದ್ದದ್ದು ಅವಳ ಗಂಡ ಅಮೋಗೆಪ್ಪನಿಗೆ ಮಾತ್ರ.

"ಇಲ್ಲಿ ಹಾಡಿದ ದಿನ ನನ್ನ ತಾಟು ನಾನೇ ತೊಳಕೋಬೇಕು. ಹವಳಗಾದಿಂದ ಬಂದ ದಿನ ಜಳಕಕ್ಕ ನೀರು ಕಾಸಿ ಕೊಡ್ತಾಳ. ನನಗ ಕೇಳಿದ್ರ ಹವಳಗಾನೇ ಛಲೋ" ಎಂದು ಅವನು ಹೇಳಿಕೊಳ್ಳುತ್ತಿದ್ದ. ಆದರೆ ಎಮ್ಮೆಯ ಮುಂದೆ ಮಾತ್ರ. ಯಾಕೆಂದರೆ ಅದು ಹೊರಗೆ ಆಡುವ ಮಾತಾಗಿರಲಿಲ್ಲ.

ಡೊಳ್ಳಿನ ಪದ ಹಾಡುವ ಮೇಳಗಳಲ್ಲಿ ಎರಡು ಪಂಗಡ. ಗಂಡು ಹೆಚ್ಚೆನ್ನುವವರು ಹರದೇಶಿ, ಹೆಣ್ಣು ಹೆಚ್ಚೆನ್ನುವವರು ನಾಗೇಶಿ. ಎದುರುಬದುರು ಕುಳಿತು ಒಬ್ಬರು ಸವಾಲು ಹಾಡಿದರೆ ಇನ್ನೊಬ್ಬರು ಜವಾಬು ಹಾಡಬೇಕು. ಮೇಳಕ್ಕೆ ಸೇರುವ ದಿನ ಹಿರಿಯರು ಹಣೆಗೆ ಭಂಡಾರದ ಅರಿಸಿನ ಬಳಿದು, ಬಲಗೈಯನ್ನು ಡೊಳ್ಳಿನ ತೊಗಲ ಮೇಲೆ ಇಡಿಸುತ್ತಾರೆ. "ಈ ಡೊಳ್ಳು ಬಿಟ್ಟು ಇನ್ನೊಂದು ಡೊಳ್ಳಿಗೆ ದನಿ ಕೊಡೂದಿಲ್ಲ" ಎಂದು ಹೇಳಿಸುತ್ತಾರೆ. ಅಷ್ಟೇ ಕಾಯ್ದೆ. ಬರೆದಿಟ್ಟದ್ದಲ್ಲ, ಆದರೆ ಮುರಿದವರನ್ನು ಯಾವ ಮೇಳವೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ರೇವಮ್ಮ ಈ ಮಾತನ್ನು ಎರಡು ಸಲ ಹೇಳಿದ್ದಳು.

ಮೊದಲ ಸಲ ಹವಳಗಾದಲ್ಲಿ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ. ಅವಳ ಅಪ್ಪನದು ಹರದೇಶಿ ಮೇಳ. ಅಣ್ಣ ಗುರುಪಾದನ ದನಿ ಗಡಸು, ಮೇಲೆ ಏರುತ್ತಿರಲಿಲ್ಲ. ಏರುವ ದನಿ ಮಗಳಲ್ಲಿತ್ತು. ಅಪ್ಪ ಹಿಂದೆಮುಂದೆ ನೋಡದೆ ಅವಳ ಕೈಯನ್ನೂ ಡೊಳ್ಳಿನ ಮೇಲೆ ಇಡಿಸಿದ. ಎರಡನೆಯ ಸಲ ಜೇವರ್ಗಿಯಲ್ಲಿ, ಹಸಿರು ಬಳೆಯ ಕೈಯಲ್ಲಿ. ಗಂಡನ ಮನೆಯ ಹೆಂಗಸರದು ನಾಗೇಶಿ ಮೇಳ. ಹೊಸ ಸೊಸೆ ರೊಟ್ಟಿ ಬಡಿಯುತ್ತ ಗುನುಗಿದ್ದನ್ನು ಕೇಳಿ, ಅತ್ತೆ ಹಿಟ್ಟಿನ ಕೈಯಲ್ಲೇ ಅವಳನ್ನು ಎಳೆದುಕೊಂಡು ಹೋಗಿ ಭಂಡಾರ ಬಳಿದಳು. ಮೊದಲು ಯಾವ ಡೊಳ್ಳು ಮುಟ್ಟಿದ್ದೆ ಎಂದು ಯಾರೂ ಕೇಳಲಿಲ್ಲ. ಮದುವೆಯಾದ ಹೆಣ್ಣಿನ ಹಳೆಯ ಆಣೆಗಳೆಲ್ಲ ತವರಿನ ಹೊಸ್ತಿಲಲ್ಲೇ ಉಳಿದುಬಿಡುತ್ತವೆ ಎಂದು ಎಲ್ಲರೂ ತಿಳಿದಿದ್ದರು. ಕೇಳಲಿಲ್ಲವೆಂದು ರೇವಮ್ಮನೂ ಹೇಳಲಿಲ್ಲ.

ಹೀಗೆ ಅವಳ ಕೂದಲು ಬೆಳ್ಳಗಾಗುವವರೆಗೂ ನಡೆಯಿತು. ಜೇವರ್ಗಿಯ ಮೇಳ ಶಹಾಪುರ, ಸಿಂದಗಿಯ ಕಡೆ ಹಾಡಲು ಹೋಗುತ್ತಿತ್ತು. ಹವಳಗಾದ ಮೇಳ ಗಡಿ ದಾಟಿ ಅಕ್ಕಲಕೋಟೆ, ಸೋಲಾಪುರದ ಕಡೆ. ನಡುವೆ ಭೀಮೆ ಹರಿಯುತ್ತಿದ್ದಳು, ಯಾರ ಮಾತನ್ನೂ ಆಚೆ ದಂಡೆಗೆ ಮುಟ್ಟಿಸದೆ. ಯಾರಾದರೂ ಮೊಬೈಲ್ ಎತ್ತಿ ವಿಡಿಯೋ ಮಾಡಲು ಬಂದರೆ ರೇವಮ್ಮನ ಸೆರಗು ಮೂಗಿನವರೆಗೆ ಇಳಿಯುತ್ತಿತ್ತು. "ಎಷ್ಟು ಮರ್ಯಾದಿ ಹೆಣ್ಣುಮಗಳು ನೋಡ್ರಿ" ಎಂದು ಜನ ಹೊಗಳುತ್ತಿದ್ದರು.

ಹೋಗಿಬರಲು ನೆಪ ಬೇಕಲ್ಲ. ಜೇವರ್ಗಿಯಲ್ಲಿ ಅವಳು, "ನಮ್ಮ ವೈನಿಗೆ ಟೊಂಕ ಹಿಡದದ, ನೋಡಿ ಬರ್ತೇನಿ" ಎನ್ನುವಳು. ಅಣ್ಣನ ಹೆಂಡತಿ ವಿಜಯಶ್ರೀಯ ಸೊಂಟ ಹೀಗೆ ವರ್ಷದ ಹನ್ನೆರಡು ತಿಂಗಳೂ ಹಿಡಿದುಕೊಂಡೇ ಇರುತ್ತಿತ್ತು. ಹವಳಗಾದಿಂದ ಜಲ್ದಿ ಹೊರಡಬೇಕಾದರೆ, "ನಿಮ್ಮ ಮಾವಗ ಮಲೇರಿಯಾ" ಎನ್ನುವಳು. ಅಮೋಗೆಪ್ಪನಿಗೆ ಹುಟ್ಟಿದಾಗಿನಿಂದ ಒಂದು ನೆಗಡಿಯೂ ಆಗಿರಲಿಲ್ಲ.

ನಗುವ ಮಾತಾಯಿತು. ಆದರೆ ಒಂದು ಮಾತನ್ನು ಅವಳು ನಗದೆ ತನ್ನೊಳಗೇ ಇಟ್ಟುಕೊಂಡಿದ್ದಳು. ಅವ್ವ ಇರುವ ತನಕ ತವರಿಗೆ ಹೋಗಲು ಕಾರಣ ಬೇಕಿರಲಿಲ್ಲ. ಅವ್ವ ತೀರಿದ ವರ್ಷ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಪಂಚಮಿ ಬಂತು, ಹೋಯಿತು, ಯಾರೂ ಕರೆಯಲಿಲ್ಲ. ಅಣ್ಣ ಕೆಟ್ಟವನಲ್ಲ, ಮರೆತ. ಮರೆತದ್ದು ಕೆಟ್ಟತನಕ್ಕಿಂತ ಹೆಚ್ಚು ನೋಯುತ್ತದೆ ಎಂಬುದು ರೇವಮ್ಮನಿಗೆ ಆ ಪಂಚಮಿಯಂದು ತಿಳಿಯಿತು. ಆದರೆ ಹಾಡಿಗೆ ಅಣ್ಣ ಎಂದೂ ಮರೆಯಲಿಲ್ಲ. "ತಂಗಿ, ಮೇಲಿನ ದನಿಗೆ ಯಾರೂ ಇಲ್ಲವ್ವಾ, ಬಾ" ಎಂದು ಫೋನು ಬರುತ್ತಿತ್ತು. ಬಸ್ಸು ಸೇತುವೆ ಹತ್ತುವಾಗ ಅವಳು ಕಿಟಕಿಯಲ್ಲಿ ಮುಖವಿಟ್ಟು ನೀರು ನೋಡುತ್ತಿದ್ದಳು. ಆ ಡೊಳ್ಳು ಬಿಟ್ಟರೆ ಈ ದಾರಿಯೂ ಹೋಗುತ್ತದೆ. ಜೇವರ್ಗಿಯ ಡೊಳ್ಳು ಬಿಟ್ಟರೆ? ಅಲ್ಲಿ ದಿನ ಬೆಳಗಾದರೆ ಬದುಕಬೇಕು. ಬಾಯಿ ಕಟ್ಟಿಕೊಂಡು ಬದುಕುವುದು ಹೇಗೆ?

ಜೇವರ್ಗಿ ಮೇಳದ ಯಜಮಾನಿಕೆ ಈಗ ನಿಂಬೆವ್ವನದು. ಅಮೋಗೆಪ್ಪನ ಅಣ್ಣನ ಹೆಂಡತಿ. ರೇವಮ್ಮನಿಗೆ ನೆಗೆಣ್ಣಿ, ಬಾಯಿಗೆ ಅಕ್ಕ. ಕಾಯ್ದೆಯ ವಿಷಯದಲ್ಲಿ ಕಬ್ಬಿಣದ ಕಡಲೆ. ಒಮ್ಮೆ ಮೇಳದ ಹುಡುಗಿಯೊಬ್ಬಳು ಮದುವೆ ಮನೆಯಲ್ಲಿ ಬ್ಯಾಂಡಿನವರ ಜೊತೆ ದನಿಗೂಡಿಸಿದ್ದಕ್ಕೆ ಅವಳಿಂದ ಡೊಳ್ಳಿಗೆ ಕಾಯಿ ಒಡೆಸಿ ತಪ್ಪು ಒಪ್ಪಿಸಿದವಳು. ನಿಂಬೆವ್ವನ ತವರು ಆಳಂದ ತಾಲ್ಲೂಕಿನ ಭೂಸನೂರ. ಅಣ್ಣತಮ್ಮಂದಿರು ಏನೋ ತಕರಾರಿನ ಮೇಲೆ ಕರೆಯುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾರಾದರೂ ಕೇಳಿದರೆ, "ನನಗ ತವರಿಲ್ಲ" ಎನ್ನುತ್ತಿದ್ದಳು, ಮನೆಯಲ್ಲಿ ಉಪ್ಪಿಲ್ಲ ಎಂದಷ್ಟು ಸಲೀಸಾಗಿ.

ಆ ಭೂಸನೂರದಿಂದಲೇ ಕರೆ ಬಂತು. ಕಬ್ಬು ಬೆಳೆಯುವ ಕಲ್ಯಾಣಕುಮಾರ ಎಂಬಾತ ಮಗನ ಜಾವಳ ತೆಗೆಸುವವನಿದ್ದ. ಕೂಸಿನ ಮೊದಲ ಕೂದಲು ತೆಗೆಯುವ ಆ ದಿನ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಗಲು ಹೊತ್ತಿನಲ್ಲೇ ಹಾಡಿಕೆ. ನಾಗೇಶಿಯಲ್ಲಿ ಹೆಸರಾದ ಜೇವರ್ಗಿಯ ಮೇಳ ಬರಬೇಕು. ಎದುರಿಗೆ ಹರದೇಶಿಯಲ್ಲಿ ಹೆಸರಾದ ಮೇಳವೊಂದನ್ನು ಹೇಳಿಯಾಗಿತ್ತು.

"ಯಾವೂರವರಂತ ಯಕ್ಕಾ?" ರೇವಮ್ಮ ರೊಟ್ಟಿ ಬಡಿಯುತ್ತ ಕೇಳಿದಳು.

"ನಿಮ್ಮೂರವರೇ ಬೇ. ಹವಳಗಾದವರು. ನಿಮ್ಮಣ್ಣನ ಮೇಳ!" ನಿಂಬೆವ್ವ ಕಣ್ಣು ಮಿಟುಕಿಸಿದಳು. "ಅವನ ಮೀಸಿ ಮಣ್ಣು ಮಾಡಬೇಕು ನೋಡು ರೇವಿ."

ರೊಟ್ಟಿ ಹರಿಯಿತು. ರೇವಮ್ಮನ ಕೈಯಲ್ಲಿ ರೊಟ್ಟಿ ಹರಿದದ್ದನ್ನು ಜೇವರ್ಗಿ ಅಲ್ಲಿಯವರೆಗೆ ಕಂಡಿರಲಿಲ್ಲ. ಹೆದ್ದಾರಿಯ ಖಾನಾವಳಿಗಳೆಲ್ಲ ಅವಳ ರೊಟ್ಟಿಗೇ ಕಾಯುವುದು, ಅಷ್ಟು ತೆಳು, ಅಷ್ಟು ದುಂಡು.

"ಭೂಸನೂರಕ್ಕ ನೀ ಹೋಗ್ತೀ ಏನು ಯಕ್ಕಾ?" ಕೊನೆಯ ಆಸೆಯಿಂದ ಕೇಳಿದಳು.

"ಹಾಡಾಕ ಕರದಾರ. ಉಡಿ ತುಂಬಾಕಲ್ಲ. ಯಾಕ ಹೋಗಬಾರದು?" ಎಂದು ನಿಂಬೆವ್ವ ಸೆರಗು ಝಾಡಿಸಿ ಎದ್ದಳು.

ಅಂದೇ ಗುರುಪಾದನ ಫೋನು. "ತಂಗಿ, ಭೂಸನೂರದಾಗ ಹಾಡಿಕಿ. ಎದುರು ನಿನ್ನ ಗಂಡನ ಊರಿನ ಹೆಂಗಸರಂತ. ನೀ ಅಲ್ಲೇ ಇರ್ತೀಯಲ್ಲ, ಹೆಂಗ ಹಾಡ್ತಾರ ಅವರು?"

"ಅಡ್ಡಿ ಇಲ್ಲ" ಎಂದಳು ರೇವಮ್ಮ. "ಒಬ್ಬಾಕಿ ದನಿ ಭಾಳ ಛಲೋ ಅದ."

"ಹಂಗಾರ ಅವರ ಬಾಯಿ ಕಟ್ಟೂವಂಥ ಒಂದು ಸವಾಲು ಕಟ್ಟಿಕೊಡವಾ. ನೀನೂ ಬರಬೇಕು."

ಸವಾಲು ಕಟ್ಟಿಕೊಡುವುದು ಅವಳ ಹಳೆಯ ಚಟ. ಫೋನಿನಲ್ಲೇ ಕಟ್ಟಿದಳು. ತಮಾಷೆಯೆಂದರೆ ಅದಕ್ಕೆ ಮೊದಲೇ, ಹರದೇಶಿಯವರ ಬಾಯಿ ಕಟ್ಟುವಂಥದೊಂದನ್ನು ನಿಂಬೆವ್ವನಿಗೂ ಕಟ್ಟಿಕೊಟ್ಟಿದ್ದಳು. ಎರಡೂ ಚೆನ್ನಾಗಿದ್ದವು. ಅದೇ ಕಷ್ಟಕ್ಕೆ ಬಂತು.

ಅಮೋಗೆಪ್ಪ ಎಮ್ಮೆಗೆ ಮೇವು ಹಾಕುತ್ತ ಎಲ್ಲ ಕೇಳಿಸಿಕೊಂಡಿದ್ದ. "ಈ ಸಲ ಯಾರಿಗೆ ಬ್ಯಾನಿ?" ಎಂದ. "ನನಗೋ, ನಿಮ್ಮ ವೈನಿಗೋ?"

"ನನಗೇ" ಎಂದಳು ರೇವಮ್ಮ. "ಗಂಟಲು ಬಿದ್ದದ."

ನಿಂಬೆವ್ವನಿಗೂ ಅಣ್ಣನಿಗೂ ಅದನ್ನೇ ಹೇಳಿದಳು. ಗಂಟಲು ಬಿದ್ದಿದೆ, ಹಾಡಲಾರೆ, ಬಂದು ಅಡುಗೆ ಮನೆಯಲ್ಲಿ ಕೈಗೂಡಿಸುತ್ತೇನೆ. ಆಸೆ ದೊಡ್ಡದು. ಅಣ್ಣನ ಮೇಳವೂ ಗಂಡನೂರಿನ ಮೇಳವೂ ಎದುರಾಗುವ ದಿನ ಮನೆಯಲ್ಲಿ ಕುಳಿತಿರಲು ಅವಳಿಂದಾಗುತ್ತಿರಲಿಲ್ಲ. ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಅಮೋಗೆಪ್ಪನ ಜೊತೆ ಬಸ್ಸು ಹತ್ತಿದಳು.

ಭೂಸನೂರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಫ್ಯಾಕ್ಟರಿಯ ಕಡೆ ಸಾಲುಗಟ್ಟಿದ್ದವು. ಗಾಳಿಯಲ್ಲೇ ಬೆಲ್ಲದ ಅಂಟು. ಗುಡಿಯ ಹಿಂದೆ ತಗಡಿನ ಪತ್ರಾಸು ಹೊದಿಸಿದ ಅಡುಗೆ ಚಪ್ಪರ. ರೇವಮ್ಮ ನೇರ ಅಲ್ಲಿಗೇ ನುಗ್ಗಿ ಈರುಳ್ಳಿ ಹೆಚ್ಚಲು ಕುಳಿತಳು. ಚಪ್ಪರದ ತಟ್ಟಿಯ ಸಂದಿಯಿಂದ ಕಟ್ಟೆ ಕಾಣುತ್ತಿತ್ತು. ಬಲಕ್ಕೆ ಹವಳಗಾ, ಎಡಕ್ಕೆ ಜೇವರ್ಗಿ. ಮೇಳದಲ್ಲಿ ಬಾರದವರ ಜಾಗವನ್ನು ಖಾಲಿ ಬಿಡುವುದಿಲ್ಲ. ಅವರ ತಾಳ ಅಲ್ಲಿಡುತ್ತಾರೆ. ಬಲದ ಸಾಲಿನಲ್ಲಿ ಒಂದು ಜೊತೆ ತಾಳ, ಎಡದ ಸಾಲಿನಲ್ಲಿ ಒಂದು ಜೊತೆ. ಎರಡೂ ಅವಳವೇ. ಬಿಸಿಲಿಗೆ ಎರಡೂ ಒಂದೇ ಸಮ ಹೊಳೆಯುತ್ತಿದ್ದವು. ಅವಳಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ, ಇಷ್ಟು ಕಡೆ ತನಗೆ ಜಾಗವಿದೆಯಲ್ಲ ಎನ್ನಿಸಿತು.

ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಂಚನಾಗಿ ಕುಳಿತವನು ಗುಡುಸಾಬ. ಮೊಹರಮ್ಮಿನ ಪದಗಳಿಂದ ಹಿಡಿದು ಡೊಳ್ಳಿನ ಪದಗಳ ತನಕ ಎಲ್ಲ ಬಲ್ಲ ಮುದುಕ, ಊರಿಗೆಲ್ಲ ಕಾಕಾ. ಅವನ ಕಾಲ ಬಳಿ ಗುಡಿಯ ಹಳೆಯ ಡೊಳ್ಳು. ಅದನ್ನು ಮೂರು ಸುತ್ತು ಬಾರಿಸುವುದರೊಳಗೆ ಜವಾಬು ಬರಬೇಕು, ಬಾರದಿದ್ದರೆ ಸೋಲು. ಕಟ್ಟೆ ಹತ್ತುವಾಗ ನಿಂಬೆವ್ವ ಆ ಡೊಳ್ಳಿನ ಕಡೆ ಒಮ್ಮೆಯೂ ನೋಡಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಡೊಳ್ಳಿನ ಮೇಲಲ್ಲ. ನೀರು ಕುಡಿಯಲು ನಿಂಬೆವ್ವ ಚಪ್ಪರಕ್ಕೆ ಬಂದಳು. ಅಲ್ಲಿ ವಿಜಯಶ್ರೀ ಹುಗ್ಗಿಯ ದೊಡ್ಡ ಹಂಡೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳು.

"ಅಯ್ಯ, ಸಾವಕಾಶ ಬೇ! ನೀನು ರೇವಿ ವೈನಿ ಅಲ್ಲೇನು? ಟೊಂಕ?"

"ಯಾವ ಟೊಂಕರಿ?" ವಿಜಯಶ್ರೀ ಹಂಡೆ ಇಳಿಸಿ ನೆಟ್ಟಗೆ ನಿಂತಳು.

"ಮೂರು ಸಲ ದವಾಖಾನಿಗೆ ಒಯ್ದಿದ್ರಲ್ಲ!"

"ನಾ ದವಾಖಾನಿ ಕಂಡದ್ದು ಹಡಿಯಾಕ ಹೋದಾಗ ಅಷ್ಟರಿ."

ನಿಂಬೆವ್ವ ನಿಧಾನವಾಗಿ ರೇವಮ್ಮನ ಕಡೆ ತಿರುಗಿದಳು. ರೇವಮ್ಮ ಈರುಳ್ಳಿಯ ಮೇಲೆ ಬಾಗಿ ಕಣ್ಣೀರು ಸುರಿಸುತ್ತಿದ್ದಳು. ಅಷ್ಟರಲ್ಲಿ ಹೊರಗಿನಿಂದ ಗುರುಪಾದನ ಗಡಸು ದನಿ ಕೇಳಿತು. "ಬರ್ರಿ ಮಾವ, ಬರ್ರಿ! ಮಲೇರಿಯಾ ಹೋತೇನ್ರಿ?" ಅದಕ್ಕೆ ಅಮೋಗೆಪ್ಪನ ಜವಾಬು: "ಬಂದು ಹೋಗ್ತದಪ್ಪಾ. ಅದಕ್ಕೂ ಬಸ್ಸಿನ ಟೈಮ್ ಇದ್ದಂಗ ಅದ."

ಹಾಡಿಕೆ ಶುರುವಾಯಿತು. ಮೊದಲ ಪದಗಳು ಸಪ್ಪೆ ಹೋದವು. ಆಮೇಲೆ ಗುರುಪಾದ ಎದ್ದು ನಿಂತು, ಕಿವಿಗೆ ಕೈಯಿಟ್ಟು, ತಂಗಿ ಕಟ್ಟಿಕೊಟ್ಟ ಸವಾಲು ಎತ್ತಿದ.

"ಒಂದು ಊರಾಗ ಹುಟ್ಟ್ಯಾಳ, ನೂರು ಊರು ದಾಟ್ಯಾಳ,
ಎರಡು ದಂಡಿ ಹಿಡದಾಳ, ಒಂದರಾಗೂ ನಿಂತಿಲ್ಲ,
ದೊಡ್ಡಾಕಿ ಮನಿ ಹೊಕ್ಕು ಹೆಸರ ಕಳಕೊಂಡಾಳ,
ಹೆಣ್ಣು ಹೆಚ್ಚನ್ನವರ, ಹೇಳ್ರೆವ್ವ ಇಕಿ ಯಾರ?"

ಜನ ಹೋ ಎಂದಿತು. ಜೇವರ್ಗಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಡೊಳ್ಳು ಒಂದು ಸುತ್ತು ಮೊಳಗಿತು. ಈಳಿಗೆಯ ಮೇಲೆ ರೇವಮ್ಮನ ಕೈ ನಿಂತಿತು. ಸವಾಲೊಂದು ಜವಾಬಿಲ್ಲದೆ ನಿಂತರೆ ಅವಳಿಗೆ ಹಂಚಿನ ಮೇಲೆ ಹಸಿ ರೊಟ್ಟಿ ಬಿಟ್ಟು ಎದ್ದುಬಂದಂತೆ, ಜೀವ ತಡೆಯುವುದಿಲ್ಲ. ಎರಡನೆಯ ಸುತ್ತು. "ರೇವಿ!" ನಿಂಬೆವ್ವ ಕೂಗಿದಳು. "ಗಂಟಲು ಬಿದ್ದರ ಎತ್ತಿಕೊಂಡು ಬಾ ಬೇ!"

ರೇವಮ್ಮ ಕೊರಳ ಬಟ್ಟೆ ಕಿತ್ತೊಗೆದು ಕಟ್ಟೆ ಹತ್ತಿದಳು. ಎಡದ ಸಾಲಿನ ತಾಳ ಎತ್ತಿಕೊಂಡಳು. ಮೂರನೆಯ ಸುತ್ತು ಮುಗಿಯುವ ಮುನ್ನ ಅವಳ ದನಿ ಗುಡಿಯ ಶಿಖರಕ್ಕೆ ಹತ್ತಿತ್ತು.

"ಹೆಸರ ಕಳದರೇನು, ಹಸರ ಕಳದಿಲ್ಲ,
ಭೀಮಾ ಅಂತಾರ ಆಕಿಗಿ, ಬ್ಯಾಸಗಿಗೂ ಬಗ್ಗಿಲ್ಲ,
ಆಕಿ ನಡುವ ಹರದರ ದಂಡಿಗಿ ದಂಡಿ ಅಂತಾರ,
ಆಕಿ ಹೋದ ಮ್ಯಾಲ ಅದು ಬರೇ ಕಲ್ಲು, ಬರೇ ಮಣ್ಣ."

ಗುರುಪಾದನ ಬಾಯಿ ತೆರೆದೇ ಉಳಿಯಿತು. ತಾನು ತಂದ ಬಾಣ ತನ್ನ ಮನೆಯ ಬಿಲ್ಲಿನಿಂದಲೇ ಬಂದು ತನಗೆ ನೆಟ್ಟದ್ದು ಹೇಗೆಂದು ತಿಳಿಯದೆ ಅವನು ತಂಗಿಯನ್ನೂ ಎಡದ ಸಾಲನ್ನೂ ನೋಡುತ್ತಿರುವಾಗಲೇ ನಿಂಬೆವ್ವ ಗೆದ್ದ ಹುರುಪಿನಲ್ಲಿ ತನ್ನ ಸವಾಲು ಎಸೆದಳು.

"ಎರಡು ಮಾರಿ ಅದಾವ, ಎರಡಕ್ಕೂ ಒಂದೇ ಹೊಟ್ಟಿ,
ಒಂದು ಮಾರಿ ಹರದರ ಇನ್ನೊಂದ್ಯಾಕ ಮೂಕಾತು?
ಗಂಡು ಹೆಚ್ಚನ್ನವರ, ನಿಮ್ಮ ಮಗ್ಗಲಿಗೇ ಕುಂತದ,
ಕಣ್ಣಿದ್ದರ ನೋಡ್ರಿ, ಬಾಯಿದ್ದರ ಹಾಡ್ರಿ."

ಅದು ಡೊಳ್ಳು ಎಂಬುದು ಯಾರಿಗೂ ಹೊಳೆಯುವಂಥದೇ. ಆದರೆ ಒಂದು ಕಡೆಯ ತೊಗಲು ಹರಿದರೆ ಇನ್ನೊಂದೇಕೆ ಮೂಕಾಗುತ್ತದೆ, ಅದರಲ್ಲಿ ಗಂಡಿನ ಹೆಚ್ಚುಗಾರಿಕೆ ಏನು? ಹವಳಗಾದವರು ತಲೆ ಕೆರೆದುಕೊಂಡರು. ಒಂದು ಸುತ್ತು. ಎರಡು ಸುತ್ತು. ಗುರುಪಾದನಿಗೆ ಬೇರೇನೂ ತೋಚಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಮುಂದೆ ಮಾತು ತಪ್ಪಿದಾಗ ಕೂಗಿದಂತೆಯೇ ಕೂಗಿದ. "ತಂಗೀ!"

ಆ ಕೂಗು ಕೇಳಿ ರೇವಮ್ಮ ಯೋಚಿಸಲಿಲ್ಲ. ಎಡದ ತಾಳ ಕೆಳಗಿಟ್ಟಳು, ಕಟ್ಟೆಯ ನಡುವೆ ನಡೆದು ಆಚೆ ಹೋದಳು, ಬಲದ ತಾಳ ಎತ್ತಿಕೊಂಡಳು.

"ಡೊಳ್ಳಿಗೆ ಎರಡು ಮಾರಿ, ಒಳಗ ಉಸಿರು ಒಂದೇ,
ಉಸಿರು ಸೋರಿದ ಹೊಟ್ಟಿಗಿ ತೊಗಲಿದ್ದು ಏನು ಬಂತು?
ಆ ಉಸಿರಿಗಿ ಶಿವನಂತಾರ, ಶಿವನೇ ಗಂಡಂತಾರ,
ಹಾಡೂ ಹೆಣ್ಣಿನ ಬಾಯಾಗೂ ಅವನೇ ಹಾಡಂತಾರ."

ಹಾಡು ಮುಗಿಯಿತು. ಒಂದು ಟ್ರ್ಯಾಕ್ಟರು ದಡದಡ ಹೋಯಿತು. ಕೂದಲು ತೆಗೆಸಿಕೊಂಡ ಕೂಸು ಎಲ್ಲೋ ಅತ್ತಿತು. ಆಮೇಲೆ ಎರಡೂ ಕಡೆಯವರು ಒಮ್ಮೆಗೇ ಎದ್ದರು.

"ಎರಡು ಡೊಳ್ಳಿಗಿ ದನಿ ಕೊಟ್ಟಾಳ!" ನಿಂಬೆವ್ವ ರೇವಮ್ಮನ ಹಣೆಯತ್ತ ಬೆರಳು ಚಾಚಿದಳು. "ನಮ್ಮತ್ತಿ ಭಂಡಾರ ಹಚ್ಚಿದ ಹಣಿ ಇದು. ಎರಡು ದೋಣಿ ಮ್ಯಾಲ ಕಾಲಿಟ್ಟು ನಿಂತೀಯಲ್ಲ ಬೇ, ನಾಚಿಕಿ ಬರಂಗಿಲ್ಲ?"

"ಅಪ್ಪನ ಡೊಳ್ಳು ಮುಟ್ಟಿ ಹೇಳಿದ್ದೀ" ಎಂದ ಗುರುಪಾದ. ಅವನಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. "ಒಬ್ಬಾಕಿ ದನಿ ಛಲೋ ಅದ ಅಂದೆಲ್ಲ ತಂಗಿ, ಆಕಿ ನೀನೇ ಏನು?"

"ನಾ ಸುಳ್ಳು ಹೇಳಿಲ್ಲಲ್ಲ ಯಣ್ಣಾ" ಎಂದಳು ರೇವಮ್ಮ. ಜನರಲ್ಲಿ ಯಾರೋ ನಕ್ಕರು.

"ನಗಬ್ಯಾಡ್ರಿ!" ನಿಂಬೆವ್ವ ಗುಡುಸಾಬನ ಮುಂದೆ ನಿಂತಳು. "ಪಂಚ ಅದೀರಿ, ಫೈಸಲಾ ಮಾಡ್ರಿ. ಒಂದು ಗಂಟಲಿಗಿ ಒಂದೇ ಡೊಳ್ಳು. ಇಕಿ ಈಗಿಂದೀಗ ಒಂದು ಇಟ್ಟುಕೋಬೇಕು, ಒಂದು ಬಿಡಬೇಕು."

ಗುಡುಸಾಬ ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ. "ಯಾವದು ಬಿಡ್ತೀಯವಾ?" ಎಂದು ರೇವಮ್ಮನನ್ನು ಕೇಳಿದ.

ರೇವಮ್ಮನಿಗೆ ಆಗ ನಗು ಹೋಯಿತು. ಬಲಕ್ಕೆ ಅಪ್ಪನ ಡೊಳ್ಳು. ಅದರ ಹಗ್ಗಕ್ಕೆ ಅವ್ವ ಸುತ್ತಿದ ಹಳೆಯ ಸೀರೆಯ ಅಂಚು ಇನ್ನೂ ಹಾಗೇ ಇತ್ತು. ಎಡಕ್ಕೆ ಅವಳ ಹೆರಿಗೆ, ಬೇನೆ, ಸಾಲದ ಸಕ್ಕರೆ ಎಲ್ಲಕ್ಕೂ ಒದಗಿದ ಹೆಂಗಸರು. ಅವಳು ಅಮೋಗೆಪ್ಪನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ಟೋಪಿಯನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ.

"ಕಾಕಾ" ಎಂದಳು. "ನನ್ನ ಲಗ್ನದಾಗ ಯಾರೂ ನನಗ, ಅವ್ವನ್ನ ಬಿಡ್ತೀಯೋ ಅತ್ತಿನ್ನ ಬಿಡ್ತೀಯೋ ಅಂತ ಕೇಳಲಿಲ್ಲರಿ. ಎರಡೂ ಮನಿ ನಿನ್ನವೇ ಅಂತ ಉಡಿ ತುಂಬಿ ಕಳಿಸಿದ್ರು. ಮನಿ ಎರಡು ಇರಬಹುದಂತ, ಡೊಳ್ಳು ಎರಡು ಇರಬಾರದಂತ. ಅವ್ವ ಹೋದ ಮ್ಯಾಲ ನನ್ನ ತವರಿಗಿ ಬಾಗಲಾ ಅಂದ್ರ ಆ ಡೊಳ್ಳೇ ರಿ. ಅದು ಬಿಟ್ಟರ ನಾ ಯಾವ ಬಾಗಲಾ ಬಡೀಲಿ?"

ಗುರುಪಾದ ಮುಖ ತಿರುಗಿಸಿದ. ಎಷ್ಟೋ ಪಂಚಮಿಗಳು ಅವನಿಗೆ ಒಟ್ಟಿಗೇ ನೆನಪಾದಂತಿತ್ತು.

"ಮಾತು ಛಲೋ ಹೇಳಿದಿ" ಎಂದ ಗುಡುಸಾಬ. "ಆದ್ರ ಕಾಯ್ದೆ ಅಂದ್ರ ಕಾಯ್ದೆ. ನಿಂಬೆವ್ವ ಅಂದದ್ದು ಬರೋಬ್ಬರಿ ಅದ. ಒಂದು ಗಂಟಲಿಗಿ ಒಂದೇ ಡೊಳ್ಳು. ಮೊದಲ ಮುಟ್ಟಿದ್ದು ಯಾವದು? ಹವಳಗಾದ್ದು. ಹಂಗಾರ ಅದೇ ಖರೇ, ಎರಡನೇದು ರದ್ದು. ಹೌದಲ್ಲೋ?"

ನಿಂಬೆವ್ವನಿಗೆ ಇದು ಬೇಕಾಗಿರಲಿಲ್ಲ. ಆದರೂ ಕಾಯ್ದೆ ತನ್ನದೇ. "ಹೌದ್ರಿ" ಎಂದಳು, ಹಲ್ಲು ಕಚ್ಚಿ.

"ಹಂಗಾರ ಎಲ್ಲರಿಗೂ ಅದೇ ಕಾಯ್ದೆ." ಮುದುಕ ಕೋಲೂರಿ ಎದ್ದು ಜೇವರ್ಗಿಯ ಸಾಲಿನ ಮುಂದೆ ನಿಂತ. "ನಿನ್ನ ಹೆಸರೇನವಾ?"

"ನಾಗರತ್ನಾರಿ."

"ತವರು?"

"ಇಜೇರಿ ರಿ."

"ಸಣ್ಣಾಕಿ ಇದ್ದಾಗ ಅಲ್ಲಿ ಡೊಳ್ಳು ಮುಟ್ಟಿದ್ದೇನು?"

ನಾಗರತ್ನಾ ನಿಂಬೆವ್ವನ ಕಡೆ ಕಳ್ಳನೋಟ ಬೀರಿದಳು. "ನಮ್ಮ ಕಾಕಾ ಮುಟ್ಟಿಸಿದ್ದರಿ."

"ನೀ ರದ್ದು. ಮುಂದಿನಾಕಿ?"

ಮುಂದಿನವಳೂ ಮುಟ್ಟಿದ್ದಳು. ಅವಳ ಪಕ್ಕದವಳೂ. ಡೊಳ್ಳು ಹಾಡುವ ಮನೆಯವರು ಡೊಳ್ಳು ಹಾಡುವ ಮನೆಯಿಂದಲೇ ಹೆಣ್ಣು ತರುತ್ತಾರೆ. ಹಾಡುವ ಮನೆಯ ಹುಡುಗಿ ಡೊಳ್ಳು ಮುಟ್ಟದೆ ಬೆಳೆಯುವುದುಂಟೇ? ಇಷ್ಟು ಸರಳ ಸಂಗತಿ ಯಾರ ತಲೆಗೂ ಹೊಳೆದಿರಲಿಲ್ಲ. ಒಬ್ಬೊಬ್ಬಳೂ ರದ್ದಾಗುತ್ತ, ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಳು. ಕಡೆಗೆ ಉಳಿದವಳು ನಿಂಬೆವ್ವ ಒಬ್ಬಳೇ.

"ನಿನ್ನ ತವರು?" ಎಂದ ಗುಡುಸಾಬ, ಗೊತ್ತಿಲ್ಲದವನಂತೆ.

"ನನಗ ತವರಿಲ್ಲ."

"ಇರವಲ್ದ್ಯಾಕ. ಡೊಳ್ಳರ ಅದ ಇಲ್ಲೋ?" ಅವನು ಕೋಲಿನಿಂದ ತನ್ನ ಕುರ್ಚಿಯ ಬಳಿಯ ಹಳೆಯ ಡೊಳ್ಳನ್ನು ತೋರಿಸಿದ. "ಇದರ ಗುರುತು ಹತ್ತಲಿಲ್ಲೇನು ನಿಂಬಿ? ನಿಮ್ಮಪ್ಪ ಹೋದ ಮ್ಯಾಲ ಗುಡಿಗೆ ಕೊಟ್ಟರು. ನೀ ಸಣ್ಣಾಕಿ ಇದ್ದಾಗ, ಮುಂದಿನ ಹಲ್ಲು ಬಿದ್ದಿದ್ದುವು. ಇದೇ ಕಟ್ಟಿ ಮ್ಯಾಲ ನಿಂತು, ಇದರ ಮ್ಯಾಲ ಕೈಯಿಟ್ಟು, ಗಂಡು ಹೆಚ್ಚು ಅಂತ ಸಂದಿ ಹಲ್ಲಾಗಿಂದ ಗಾಳಿ ಬಿಟ್ಟಗೋತ ಹಾಡಿದ್ದಿ. ನಾನೇ ತಾಳ ಹಿಡದಿದ್ದೆ."

ನಿಂಬೆವ್ವ ಡೊಳ್ಳನ್ನು ನೋಡಿದಳು. ಬೆಳಗಿನಿಂದ ನೋಡದೆ ತಪ್ಪಿಸಿಕೊಂಡಿದ್ದ ಕಣ್ಣು ಒಮ್ಮೆ ಅಲ್ಲಿ ಬಿದ್ದ ಮೇಲೆ ಮೇಲೇಳಲಿಲ್ಲ. ಅವಳು ಹೇಳಿದ್ದು ಇಷ್ಟೇ. "ಹಗ್ಗ ಸಡಲ್ಯಾವ. ಯಾರೂ ಬಿಗೀಲಿಲ್ಲೇನು?"

"ನೀನೂ ರದ್ದು" ಎಂದ ಗುಡುಸಾಬ ಮೆತ್ತಗೆ. "ನೋಡ್ರಪ್ಪಾ, ಕಾಯ್ದೆ ಹಿಡದ್ರ ಜೇವರ್ಗಿ ಮೇಳನೇ ಇಲ್ಲ. ಇಷ್ಟು ವರ್ಷ ಯಾರು ಹಾಡಿದರೋ ಆ ಬೀರಪ್ಪಗೇ ಗೊತ್ತು."

ಕಟ್ಟೆಯ ಸುತ್ತ ನಗು ಎದ್ದಿತು. ಹವಳಗಾದವರೂ ನಕ್ಕರು, ರದ್ದಾದವರು ಎಲ್ಲರಿಗಿಂತ ಹೆಚ್ಚು ನಕ್ಕರು. ಗುಡುಸಾಬ ಕೋಲು ಕುಟ್ಟಿ ಫೈಸಲಾ ಹೇಳಿದ. ಹೆಣ್ಣುಮಕ್ಕಳಿಗೆ ಎರಡು ಡೊಳ್ಳಿದ್ದರೆ ಹರಕತ್ತಿಲ್ಲ, ಅಡ್ಡಿಯೇನೂ ಇಲ್ಲ. ಆದರೆ ಎರಡೂ ಎದುರಾದ ದಿನ ಸವಾಲೂ ತಾನೇ, ಜವಾಬೂ ತಾನೇ ಆಗಬಾರದು; ಅಂಥವಳು ಪಂಚನ ಮಗ್ಗುಲಿಗೆ ಬಾಯಿ ಮುಚ್ಚಿ ಕೂಡಬೇಕು.

"ಮತ್ತ ಗಂಡಸರಿಗಿರಿ ಕಾಕಾ?" ಹವಳಗಾದ ಸಾಲಿನಿಂದ ಒಬ್ಬ ಕೇಳಿದ.

"ನಿಮಗ ಇರೂದು ಒಂದೇ ಮನಿ. ಒಂದೇ ಡೊಳ್ಳು ಸಾಕು."

ಹೀಗೆ ಊಟದ ಮೇಲೆ ಮತ್ತೆ ಹಾಡಿಕೆ ಶುರುವಾದಾಗ ರೇವಮ್ಮ ಇನ್ನೊಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಗುಡುಸಾಬನ ಮಗ್ಗುಲಿಗೆ ಕುಳಿತಿದ್ದಳು. ಅವಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಅಣ್ಣ ತಾಳ ತಪ್ಪಿದಾಗ ಅವಳ ಬಲಗಾಲ ಹೆಬ್ಬೆರಳು ಕುಟ್ಟಿತು; ನಾಗರತ್ನಾ ಮಾತು ಮರೆತಾಗ ಎಡಗಾಲಿನದು. ನಡುನಡುವೆ ಕೆಮ್ಮಿದಳು. "ಕೆಮ್ಮೂದೂ ರಾಗದಾಗೇ ಕೆಮ್ಮಬ್ಯಾಡವಾ" ಎಂದು ಗುಡುಸಾಬ ಮೆಲ್ಲಗೆ ಗದರಿಸಿದ.

ಯಾರು ಗೆದ್ದರೆಂದು ಕೇಳಿದರೆ ಇಂದಿಗೂ ಎರಡೂ ಊರಿನವರು ತಾವೇ ಎನ್ನುತ್ತಾರೆ. ಹೊರಡುವಾಗ ಗುರುಪಾದ ಜೀಪಿನ ತನಕ ಬಂದ. ಏನೇನೋ ಹೇಳಬೇಕೆಂದು ಬಂದವನು, "ಪಂಚಮಿಗಿ ಬಾ ತಂಗಿ" ಎಂದ. "ಹಾಡಿಕಿ ಇಲ್ಲ ಅವತ್ತು. ಸುಮ್ಮನ ಬಾ."

ಜೇವರ್ಗಿಯ ಹೆಂಗಸರೆಲ್ಲ ಜೀಪು ಹತ್ತಿದರು. ನಿಂಬೆವ್ವ ಇರಲಿಲ್ಲ. ರೇವಮ್ಮ ಹುಡುಕಿಕೊಂಡು ಗುಡಿಗೆ ಹೋದಳು. ನಿಂಬೆವ್ವ ಕಟ್ಟೆಯ ಮೇಲೆ ಕುಳಿತು, ಕಾಲಿನಿಂದ ಒತ್ತಿಹಿಡಿದು, ಆ ಹಳೆಯ ಡೊಳ್ಳಿನ ಹಗ್ಗ ಬಿಗಿಯುತ್ತಿದ್ದಳು. ಪಕ್ಕದಲ್ಲಿ ಹುಗ್ಗಿಯ ತಾಟು ಹಿಡಿದು ಒಬ್ಬ ನರೆತ ಹೆಂಗಸು ನಿಂತಿದ್ದಳು. ನಿಂತ ರೀತಿ ನೋಡಿದರೆ ನಿಂಬೆವ್ವನ ಅಣ್ಣನ ಹೆಂಡತಿ ಇರಬೇಕು. ಇಬ್ಬರೂ ಮಾತಾಡುತ್ತಿರಲಿಲ್ಲ. ಹಾಗೆಂದು ಒಬ್ಬರು ಇನ್ನೊಬ್ಬರನ್ನು ಬಿಟ್ಟು ಹೋಗುತ್ತಲೂ ಇರಲಿಲ್ಲ.

"ಯಕ್ಕಾ, ಜೀಪು ಹೊಂಟದ."

"ಹೋಗ್ರಿ ನೀವು. ಇದು ಇವತ್ತಿಗಿ ಮುಗಿಯೂ ಕೆಲಸಲ್ಲ." ನಿಂಬೆವ್ವ ತಲೆಯೆತ್ತದೆ ಇನ್ನೊಂದು ಹಗ್ಗ ಜಗ್ಗಿದಳು. "ಮನ್ಯಾಗ ನಿಮ್ಮ ಭಾವ ಕೇಳಿದ್ರ..."

"ಏನು ಹೇಳ್ಲಿ?"

ನಿಂಬೆವ್ವ ಆಗ ಮುಖವೆತ್ತಿದಳು. ಆ ಮುಖದಲ್ಲಿ ರೇವಮ್ಮ ಅಂದಿನವರೆಗೆ ಕಾಣದ ಒಂದು ಕಳ್ಳ ಹುಡುಗಿ ಇದ್ದಳು, ಮುಂದಿನ ಹಲ್ಲು ಬಿದ್ದವಳು.

"ವೈನಿಗಿ ಟೊಂಕ ಹಿಡದದ ಅಂತ ಹೇಳು."